ಎಂಜಿನ್ನಿನ ರಕ್ತಪರೀಕ್ಷೆ

ಮಾರ್ಚ್ 1, ಭಾನುವಾರ

ಹದಿನೆಂಟು ದಿನಗಳ ನಂತರ ಇವತ್ತು ಗಾಡಿ ಮನೆಗೆ ಬಂತು. ಇವಳು ಬಾನೆಟ್ಟಿನ ಮೇಲೆ ಕೈಯಿಟ್ಟು ಎಷ್ಟೋ ಹೊತ್ತು ನಿಂತಿದ್ದಳು. ನಾನು ಅಪೆಂಡಿಕ್ಸ್ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದ ದಿನ ನನ್ನ ಹಣೆಯ ಮೇಲೆ ಇಷ್ಟು ಹೊತ್ತು ಕೈಯಿಟ್ಟಿರಲಿಲ್ಲ. ಇರಲಿ. ಡ್ರೈವಿಂಗ್ ಸ್ಕೂಲ್ ನಡೆಸುವವಳಿಗೆ ಗಾಡಿ ಮೊದಲು, ಗಂಡ ಆಮೇಲೆ ಎಂಬುದನ್ನು ಹತ್ತೊಂಬತ್ತು ವರ್ಷಗಳ ಹಿಂದೆಯೇ ಒಪ್ಪಿಕೊಂಡಿದ್ದೇನೆ.

ಎಂಜಿನ್ನಿನ ಸಂದಿ ಮುಚ್ಚುವ ಹೆಡ್ ಗ್ಯಾಸ್ಕೆಟ್ ಸುಟ್ಟು, ಎಂಜಿನ್ನನ್ನು ತಂಪಾಗಿಡುವ ಕೂಲೆಂಟ್ ಎಣ್ಣೆಯೊಳಗೆ ಸೇರಿ, ಎಣ್ಣೆಯೆಲ್ಲ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಬಿಚ್ಚಿ ಜೋಡಿಸಿದವನು ನನ್ನ ಭಾಮೈದ, ಇವಳ ತಮ್ಮ. ಹದಿನೈದು ವರ್ಷ ಇನ್ನೊಬ್ಬರ ಗ್ಯಾರೇಜಿನಲ್ಲಿ ದುಡಿದು, ಎಂಟು ತಿಂಗಳ ಹಿಂದೆ ಸ್ವಂತ ಶೆಡ್ಡು ಹಾಕಿಕೊಂಡಿದ್ದಾನೆ. ಇವಳ ಪ್ರಕಾರ ಅವನ ಕೈಯಲ್ಲಿ ದೇವರಿದ್ದಾನೆ. ನನಗೆ ಕಂಡದ್ದು ಗ್ರೀಸು.

ಕೆಲಸ ನಡೆಯುವಾಗ ನಾಲ್ಕು ಸಂಜೆ ಹೋಗಿ ನಾನೇ ಟಾರ್ಚ್ ಹಿಡಿದೆ. ಐದನೆಯ ಸಂಜೆ ಅವನು ನನ್ನ ಕೈಯಿಂದ ಟಾರ್ಚ್ ತೆಗೆದುಕೊಂಡು, "ಭಾವ, ನೀವು ಹೊರಗೆ ಕುರ್ಚಿ ಮೇಲೆ ಕೂತ್ಕೊಳ್ಳಿ" ಅಂದ. ಆಮೇಲೆ ಅದನ್ನು ಒಂದು ಹಗ್ಗಕ್ಕೆ ಕಟ್ಟಿ ಬಾನೆಟ್ಟಿಗೆ ನೇತುಹಾಕಿದ. ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ರಕ್ತ ತೆಗೆದ ಕೈ ಇದು. ಅವನಿಗೆ ಒಂದು ತುಂಡು ಹಗ್ಗಕ್ಕಿಂತ ಕಡೆಯಾಗಿ ಕಂಡಿತು.

ಇವತ್ತು ಗಾಡಿ ಒಪ್ಪಿಸುವಾಗ ಅವನು ಮಾಡಿದ್ದಿಷ್ಟೇ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿ, "ಸರಿ ಇದೆ ಭಾವ" ಅಂದ. ಯಾವ ಆಧಾರದ ಮೇಲೆ? ನಾನು ರೋಗಿಯ ಮುಖ ನೋಡಿ ಸಕ್ಕರೆ ಕಾಯಿಲೆ ಇಲ್ಲ ಎಂದು ಬರೆದುಕೊಟ್ಟರೆ ಡಾಕ್ಟರು ಸುಮ್ಮನಿರುತ್ತಾರೆಯೇ?

ಮಾರ್ಚ್ 4, ಬುಧವಾರ

ಇವತ್ತು ರಕ್ತ ಕೊಡಲು ಬಂದವರೊಬ್ಬರು ಲಾರಿ ಕಂಪನಿಯ ಮೇಲ್ವಿಚಾರಕರು. ಸೂಜಿ ಕಂಡರೆ ಭಯ, ಅದಕ್ಕೆ ಮಾತು ಜಾಸ್ತಿ. ಅವರ ಲಾರಿಗಳ ಎಂಜಿನ್ ಎಣ್ಣೆಯನ್ನು ಆಗಾಗ ಲ್ಯಾಬಿಗೆ ಕಳಿಸುತ್ತಾರಂತೆ. ಯಾವ ಲೋಹ ಎಷ್ಟು ಸವೆದು ಎಣ್ಣೆಗೆ ಸೇರಿದೆ, ನೀರು ಸೇರಿದೆಯೇ, ಮಣ್ಣು ಸೇರಿದೆಯೇ, ಎಲ್ಲವೂ ಅಂಕಿಯಲ್ಲಿ ಬರುತ್ತದಂತೆ. ಎಂಜಿನ್ ಬಿಚ್ಚದೆಯೇ ಒಳಗಿನ ಕಾಯಿಲೆ ಗೊತ್ತಾಗುತ್ತದೆ.

ನನಗೆ ರೋಮಾಂಚನವಾಯಿತು. ಇದು ರಕ್ತಪರೀಕ್ಷೆಯೇ ತಾನೆ? ಅವರಿಂದ ಆ ಲ್ಯಾಬಿನ ನಂಬರ್ ತೆಗೆದುಕೊಂಡು, ಕೂಡಲೇ ಫೋನ್ ಮಾಡಿ ಸ್ಯಾಂಪಲ್ಲಿನ ಕಿಟ್ ಕಳಿಸಲು ಹೇಳಿದೆ.

ಇವಳಿಗೆ ಹೇಳಿದಾಗ, "ತಮ್ಮ ಸರಿ ಇದೆ ಅಂದಿದ್ದಾನಲ್ಲ" ಅಂದಳು. ಅವನು ಸರಿ ಇದೆ ಅಂದಿದ್ದಕ್ಕೇ ಪರೀಕ್ಷೆ ಎಂದು ಹೇಳಬೇಕೆಂದಿದ್ದೆ. ಊಟಕ್ಕೆ ಮುಂಚೆ ಹೇಳುವ ಮಾತಲ್ಲ ಎಂದು ಸುಮ್ಮನಾದೆ.

ಮಾರ್ಚ್ 8, ಭಾನುವಾರ

ಸ್ಯಾಂಪಲ್ ತೆಗೆದೆ. ರಿಪೇರಿಯಾದ ಮೇಲೆ ಗಾಡಿ ಇಲ್ಲಿಗೆ ನೂರೈವತ್ತು ಕಿಲೋಮೀಟರ್ ಓಡಿದೆ.

ಕಿಟ್ಟಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಬಾಟಲಿ, ಎರಡು ಫಾರಂ ಇದ್ದವು. ಬಾಟಲಿ ನೋಡಿ ಬೇಸರವಾಯಿತು. ಎಲ್ಲಿಯೂ 'ಸ್ಟೆರೈಲ್' ಎಂದು ಅಚ್ಚಾಗಿಲ್ಲ. ಇಂಥ ಬಾಟಲಿಯನ್ನು ನಮ್ಮ ಲ್ಯಾಬಿನಲ್ಲಿ ಕಸದ ಬುಟ್ಟಿಗೂ ಹಾಕುವುದಿಲ್ಲ. ಇವಳ ಟಾನಿಕ್ಕಿನ ಗಾಜಿನ ಬಾಟಲಿ ಮೊನ್ನೆಯಷ್ಟೇ ಖಾಲಿಯಾಗಿತ್ತು. (ಇವಳ ಹಿಮೋಗ್ಲೋಬಿನ್ 9.8. ಕಬ್ಬಿಣದ ಟಾನಿಕ್ಕನ್ನು ನಾನೇ ತಂದು ಕೊಟ್ಟದ್ದು. ಹತ್ತೇ ದಿನದಲ್ಲಿ ಮುಗಿಸಿದ್ದಾಳೆ. ನನ್ನ ಮಾತು ಕೇಳುವುದು ಇದೊಂದರಲ್ಲಿ.) ಅದನ್ನು ಇಪ್ಪತ್ತು ನಿಮಿಷ ಕುದಿಸಿದೆ. ಮುಚ್ಚಳ ಕುದಿಸಿದರೆ ಕರಗುತ್ತದೆಂದು ಸ್ಪಿರಿಟ್ ಹತ್ತಿಯಿಂದ ಒರೆಸಿದೆ. ಒಂದೇ ಒಂದು ಕ್ರಿಮಿ ಬದುಕಿರಲಾರದು.

ಎಂಜಿನ್ ಬಿಸಿ ಮಾಡಿಸಿ, ಎಣ್ಣೆ ನೋಡುವ ಕಡ್ಡಿ ಇರುತ್ತದಲ್ಲ, ಅದರ ತೂತಿನಿಂದ ತೆಳ್ಳನೆಯ ರಬ್ಬರ್ ನಳಿಗೆ ಇಳಿಸಿ, ದೊಡ್ಡ ಸಿರಿಂಜಿನಿಂದ ಎಳೆದೆ. ಒಂದೇ ಸಲಕ್ಕೆ ಸಿಕ್ಕಿತು. ರೋಗಿ ಕೈ ಎಳೆದುಕೊಳ್ಳಲಿಲ್ಲ, ಅಮ್ಮಾ ಎನ್ನಲಿಲ್ಲ. ಎಲ್ಲ ರೋಗಿಗಳೂ ಹೀಗಿದ್ದರೆ ನನ್ನ ಆಯುಷ್ಯ ಹತ್ತು ವರ್ಷ ಹೆಚ್ಚುತ್ತಿತ್ತು.

ಸಂಜೆ ಭಾಮೈದ ಎಂದಿನಂತೆ ಊಟಕ್ಕೆ ಬಂದಿದ್ದ. ಭಾನುವಾರ ರಾತ್ರಿಯ ಊಟ ಅವನಿಗೆ ಇಲ್ಲಿಯೇ. ಸ್ಯಾಂಪಲ್ಲಿನ ವಿಷಯ ಎತ್ತಲಿಲ್ಲ.

ಮಾರ್ಚ್ 11, ಬುಧವಾರ

ರಿಪೋರ್ಟ್ ಬಂದಿಲ್ಲ. ನಾವಾದರೆ ಸಂಜೆಯೊಳಗೆ ಕೊಡುತ್ತೇವೆ.

ಮಾರ್ಚ್ 14, ಶನಿವಾರ

ಬಂತು.

ಕಬ್ಬಿಣ 214. ಅಂದರೆ ಎಣ್ಣೆಯ ಹತ್ತು ಲಕ್ಷ ಪಾಲಿನಲ್ಲಿ ಇನ್ನೂರ ಹದಿನಾಲ್ಕು ಪಾಲು ಕಬ್ಬಿಣ. ಸೋಡಿಯಂ 160. ನೀರು ಇದೆ. ಸಿಲಿಕಾನ್ ಕೂಡ ಜಾಸ್ತಿ, ಎದುರಿಗೆ ನಕ್ಷತ್ರದ ಗುರುತು. ಸಿಲಿಕಾನ್ ಅಂದರೆ ಮರಳು ತಾನೆ? ಕೊನೆಯಲ್ಲಿ ಬರೆದಿದೆ: 'ಕೂಲೆಂಟ್ ಸೋರಿಕೆಯ ಸಾಧ್ಯತೆ ಇದೆ. ಇನ್ನೊಂದು ಸ್ಯಾಂಪಲ್ ಕಳಿಸಿ ಖಚಿತಪಡಿಸಿಕೊಳ್ಳಿ.' ಎರಡನೆಯ ವಾಕ್ಯ ಸುಮ್ಮನೆ ಉಪಚಾರಕ್ಕೆ. ನಾವೂ ಬರೆಯುತ್ತೇವೆ, ಯಾರೂ ಓದುವುದಿಲ್ಲ.

ಕೂಲೆಂಟಿನಲ್ಲಿ ಸೋಡಿಯಂ ಇರುತ್ತದೆ, ನೀರೂ ಇರುತ್ತದೆ. ಅಂದರೆ ಗ್ಯಾಸ್ಕೆಟ್ ಮತ್ತೆ ಸೋರುತ್ತಿದೆ, ಕಬ್ಬಿಣ ಕರಗಿ ಬರುತ್ತಿದೆ. ನನ್ನ ಸಂಶಯ ಅಕ್ಷರಶಃ ನಿಜವಾಗಿತ್ತು. ಸಂಜೆ ಡ್ಯೂಟಿ ಮುಗಿಸಿ ನೇರ ಗ್ಯಾರೇಜಿಗೆ ಹೋದೆ.

ಮೂವರು ಗಿರಾಕಿಗಳು ನಿಂತಿದ್ದರು. ಅವರ ಮುಂದೆ ಹೇಳಬಾರದೆಂದು ಹೊಳೆಯಲಿಲ್ಲವೆಂದಲ್ಲ. ಹೊಳೆಯಿತು. ಆದರೂ ಜೋರಾಗಿ ಓದಿದೆ. ಕಬ್ಬಿಣ, ಸೋಡಿಯಂ, ನೀರು, ಮರಳು, ಎಲ್ಲ. ನಮ್ಮ ಕೌಂಟರಿನಲ್ಲಿ ಹೆಸರು ಕೂಗುತ್ತೇನಲ್ಲ, ಅದೇ ಧ್ವನಿ. ಬೂದು ಬಣ್ಣದ ವ್ಯಾನಿನವರು ಮೇಜಿನ ಮೇಲಿದ್ದ ತಮ್ಮ ಕೀಲಿಯನ್ನು ಮೆಲ್ಲಗೆ ತೆಗೆದುಕೊಂಡು, "ನಾಳೆ ಬರ್ತೀನಪ್ಪ" ಎಂದು ಹೊರಟರು.

ಭಾಮೈದ ಕೈಯನ್ನು ಬಟ್ಟೆಗೆ ಒರೆಸುತ್ತ ಕಾಗದ ನೋಡಿದ. ಬಹಳ ಹೊತ್ತು ನೋಡಿದ. "ಗಾಡಿ ಕಳಿಸ್ಕೊಡಿ ಭಾವ. ಮತ್ತೆ ಬಿಚ್ತೀನಿ" ಅಂದ. ವಾದವಿಲ್ಲ, ಸಬೂಬಿಲ್ಲ. ಗೆದ್ದ ಸಂತೋಷ ಆಗಬೇಕಿತ್ತು. ದಾರಿಯಲ್ಲಿ ಯಾಕೋ ಚಪ್ಪಲಿ ಎಳೆದುಕೊಂಡು ನಡೆಯುತ್ತಿದ್ದೆ, ಸುಸ್ತು ಇರಬೇಕು.

ಮನೆಯಲ್ಲಿ ಇವಳು ಒಪ್ಪಲಿಲ್ಲ. ಮುಂದಿನ ತಿಂಗಳು ಹತ್ತಕ್ಕೆ ಹನ್ನೊಂದು ಜನರ ಲೈಸೆನ್ಸ್ ಪರೀಕ್ಷೆ ಇದೆ, ಗಾಡಿ ಬಿಚ್ಚಿದರೆ ಅವರೆಲ್ಲ ಇನ್ನೊಂದು ಸ್ಕೂಲಿಗೆ ಹೋಗುತ್ತಾರೆ ಎಂದಳು. ಆಮೇಲೆ ಕೇಳಿದಳು:

"ಗಿರಾಕಿಗಳಿದ್ರಾ ಅಲ್ಲಿ?"

"ಇದ್ರು."

"ಅವರ ಎದುರಿಗೆ ಓದಿದ್ರಾ?"

ಉತ್ತರ ಕೊಡುವ ಮೊದಲೇ ಎದ್ದು ಹೋದಳು.

ಮಾರ್ಚ್ 15, ಭಾನುವಾರ

ಭಾಮೈದ ಊಟಕ್ಕೆ ಬರಲಿಲ್ಲ. ಇವಳು ಮೂರು ತಟ್ಟೆ ಇಟ್ಟಿದ್ದಳು. ಒಂಬತ್ತು ಗಂಟೆಗೆ ಒಂದನ್ನು ಎತ್ತಿಟ್ಟಳು. ಮುಖ ಊದಿಸಿಕೊಂಡು ಬಡಿಸಿದಳು, ನಾನು ತಲೆ ತಗ್ಗಿಸಿ ಉಂಡೆ. ಸತ್ಯ ಹೇಳಿದವನಿಗೆ ಮನೆಯಲ್ಲಿ ಉಪ್ಪಿನಕಾಯಿಯೂ ಇಲ್ಲ.

ಮಾರ್ಚ್ 16, ಸೋಮವಾರ

ಇವಳ ಒತ್ತಾಯಕ್ಕೆ ಎಣ್ಣೆಯ ಲ್ಯಾಬಿಗೆ ಫೋನ್ ಮಾಡಿದೆ. ಮಾತಾಡಿದವರು ಅಲ್ಲಿಯ ಕೆಮಿಸ್ಟ್ ಮೇಡಂ. ಧ್ವನಿ ಚಿಕ್ಕ ವಯಸ್ಸಿನದು, ತಾಳ್ಮೆ ಮುದುಕಿಯದು.

"ರಕ್ತದ ಹಾಗೆ ಇದಕ್ಕೆ ನಾರ್ಮಲ್ ಅಂತ ಒಂದೇ ಗೆರೆ ಇಲ್ಲ ಸಾರ್. ಹೊಸದಾಗಿ ಜೋಡಿಸಿದ ಎಂಜಿನ್ನು. ಭಾಗಗಳು ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳೋವರೆಗೆ ಲೋಹ ಜಾಸ್ತಿನೇ ಬರತ್ತೆ. ಆ ಸಿಲಿಕಾನ್ ಇದೆಯಲ್ಲ, ಅದು ಮರಳೇ ಆಗಬೇಕಾಗಿಲ್ಲ. ರಿಪೇರಿ ಮಾಡುವಾಗ ಸಂದಿಗೆ ಪೇಸ್ಟ್ ಹಚ್ತಾರಲ್ಲ, ಅದರಿಂದಲೂ ಬರತ್ತೆ."

"ಹಾಗಾದ್ರೆ ಸೋಡಿಯಂ? ನೀರು?"

"ಅದೇ ನನಗೂ ಅರ್ಥವಾಗ್ತಿಲ್ಲ. ನೀವು ಫಾರಂನಲ್ಲಿ ಬರೆದಿರೋ ಕೂಲೆಂಟ್ ಆದ್ರೆ ಸೋಡಿಯಂ ಜೊತೆ ಪೊಟ್ಯಾಷಿಯಂ ಕೂಡ ಬರಬೇಕಿತ್ತು. ಇಲ್ಲಿ ಪೊಟ್ಯಾಷಿಯಂ ಸೊನ್ನೆ. ಸ್ಯಾಂಪಲ್ ಯಾರು ತೆಗೆದ್ರು ಸಾರ್?"

"ಮೇಡಂ, ನಾನು ಇಪ್ಪತ್ತೆರಡು ವರ್ಷದಿಂದ ಸ್ಯಾಂಪಲ್ ತೆಗೀತಾ ಇದ್ದೀನಿ."

"ಎಣ್ಣೆದಾ?"

"ರಕ್ತದ್ದು."

ಮೇಡಂ 'ಸರಿ ಸಾರ್' ಅಂದರು. ಆಮೇಲೆ ಹೇಳಿದರು: ಎಣ್ಣೆ ಬದಲಿಸಬೇಡಿ, ಇನ್ನೂ ಐನೂರು ಕಿಲೋಮೀಟರ್ ಓಡಿಸಿ, ಅದೇ ಎಣ್ಣೆಯ ಎರಡನೆಯ ಸ್ಯಾಂಪಲ್ ಕಳಿಸಿ, ಎರಡನ್ನೂ ಹೋಲಿಸೋಣ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಕೂಲೆಂಟ್ ಡಬ್ಬಿ ನೋಡಿ, ಮಟ್ಟ ಇಳಿದರೆ ಗಾಡಿ ನಿಲ್ಲಿಸಿಬಿಡಿ.

ಪೊಟ್ಯಾಷಿಯಂ ಸೊನ್ನೆ ಇದ್ದರೇನಂತೆ. ಕೆಲವು ರೋಗಿಗಳಿಗೆ ಜ್ವರವಿಲ್ಲದೆಯೂ ಮಲೇರಿಯಾ ಇರುತ್ತದೆ.

ಮಾರ್ಚ್ 17, ಮಂಗಳವಾರ

ಕೂಲೆಂಟ್ ಡಬ್ಬಿಯ ಮೇಲೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದೆ. ಕದಲಿಲ್ಲ. ನಾಳೆ ನೋಡೋಣ.

ಐನೂರು ಕಿಲೋಮೀಟರಿನ ಲೆಕ್ಕ ಹಾಕಿದೆವು. ಕಲಿಯುವವರು ಓಡಿಸುವುದು ದಿನಕ್ಕೆ ಇಪ್ಪತ್ತು. ಹೀಗಾದರೆ ತಿಂಗಳೇ ಬೇಕು. ಇವಳು ಕೀಲಿಯನ್ನು ನನ್ನ ಮುಂದೆ ಇಟ್ಟಳು.

"ಕಿಲೋಮೀಟರ್ ಬೇಕಿರೋದು ನಿಮಗೆ. ಬೆಳಿಗ್ಗೆ ಒಂದು ಗಂಟೆ ನೀವೇ ಓಡಿಸಿ."

"ನನಗೆ ಬರಲ್ಲ ಅಂತ ಗೊತ್ತಲ್ಲ."

"ಬರದವರಿಗೇ ಕಲಿಸೋದು ನನ್ನ ಕೆಲಸ. ನಾಳೆ ರಜೆ ಹಾಕಿ ಕಲಿಯೋರ ಲೈಸೆನ್ಸ್ ಮಾಡಿಸ್ಕೊಂಡು ಬನ್ನಿ."

ಡ್ರೈವಿಂಗ್ ಸ್ಕೂಲಿನ ಯಜಮಾನಿಯ ಗಂಡನಿಗೆ ಡ್ರೈವಿಂಗ್ ಬರುವುದಿಲ್ಲವೆಂದು ಜನ ನಕ್ಕಾಗಲೆಲ್ಲ, ಮನೆಗೆ ಒಬ್ಬರು ಸಾಕು ಎಂದು ಹೇಳಿಕೊಂಡು ಬಂದವನು ನಾನು. ನಿಜ ಹೇಳಬೇಕೆಂದರೆ ಭಯ. ಇದನ್ನು ಇಲ್ಲಿ ಮಾತ್ರ ಬರೆಯುತ್ತೇನೆ.

ಮಾರ್ಚ್ 20, ಶುಕ್ರವಾರ

ಮಟ್ಟ ಕದಲಿಲ್ಲ.

ಮೊದಲ ಪಾಠ. ಗಾಡಿ ಹದಿನಾಲ್ಕು ಸಲ ನಿಂತಿತು, ಪ್ರತಿ ಸಲವೂ ಕುಪ್ಪಳಿಸಿ ನಿಂತಿತು. ಇವಳ ಕಾಲಿನ ಕೆಳಗೂ ಒಂದು ಬ್ರೇಕ್ ಇದೆ, ಪುಣ್ಯ. ಕ್ಲಚ್ ಮೆಲ್ಲಗೆ ಬಿಡಿ, ಮೆಲ್ಲಗೆ, ಮೆಲ್ಲಗೆ ಅನ್ನುತ್ತಾಳೆ. ಹೊರಗಿನವರಿಗೆ ಇಷ್ಟು ಮೃದುವಾಗಿ ಮಾತಾಡುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ಮನೆಗೆ ಬಂದ ಮೇಲೆ ಮತ್ತೆ ಮೊದಲಿನ ಧ್ವನಿ.

ಮೂರೂವರೆ ಕಿಲೋಮೀಟರ್ ಆಯಿತು.

ಮಾರ್ಚ್ 22, ಭಾನುವಾರ

ಇವತ್ತೂ ಅವನು ಬರಲಿಲ್ಲ. ಇವಳೇ ಡಬ್ಬಿಯಲ್ಲಿ ಊಟ ತೆಗೆದುಕೊಂಡು ಹೋಗಿದ್ದಳು. ವಾಪಸ್ ಬಂದವಳು ಜಗಲಿಯಲ್ಲೇ ಕುಳಿತು ಹೇಳಿದಳು. ವ್ಯಾನಿನವರು ಮತ್ತೆ ಬರಲಿಲ್ಲವಂತೆ. ಅವರ ಬಾಯಿಂದ ಇನ್ನೆಷ್ಟು ಜನರಿಗೆ ಹೋಯಿತೋ, ಈ ವಾರ ಶೆಡ್ಡಿಗೆ ಎರಡೇ ಗಾಡಿ ಬಂದಿವೆ. ಹಳೆಯ ಯಜಮಾನರು ವಾಪಸ್ ಕೆಲಸಕ್ಕೆ ಕರೆಯುತ್ತಿದ್ದಾರೆ, ಏಪ್ರಿಲ್ ಐದರೊಳಗೆ ಉತ್ತರ ಕೇಳಿದ್ದಾರೆ. ಅವನು ಹೋಗಿಬಿಡುತ್ತೇನೆ ಅಂದನಂತೆ. ಶೆಡ್ಡು ಮುಚ್ಚುತ್ತಾನಂತೆ.

"ಗಿರಾಕಿ ಹೋದ್ರೆ ಬರ್ತಾರೆ" ಅಂದಳು. "ಅವನಿಗೆ ಅವನ ಕೈ ಮೇಲೇ ನಂಬಿಕೆ ಹೋಗಿದೆ ರೀ. ಒಂದು ನಟ್ಟನ್ನ ಮೂರು ಸಲ ಬಿಗಿ ಮಾಡ್ತಾನೆ. ನೋಡಕ್ಕಾಗಲಿಲ್ಲ ನನಗೆ."

ರಿಪೋರ್ಟ್ ಬರೆದವರು ಲ್ಯಾಬಿನವರು, ನಾನು ಓದಿದವನು ಅಷ್ಟೇ. ಹಾಗೆಂದೆ. ಇವಳು ಕಣ್ಣೊರೆಸಿಕೊಂಡಳು.

ಮಟ್ಟ ಕದಲಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿದೆ.

ಮಾರ್ಚ್ 26, ಗುರುವಾರ

ಕದಲಿಲ್ಲ. ಟಾರ್ಚ್ ಹಾಕಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ಕೂದಲೆಳೆಯಷ್ಟೂ ಇಳಿದಿಲ್ಲ. ಒಳ್ಳೆಯದೇ ಆಯಿತು.

ಇವತ್ತು ಇಪ್ಪತ್ತೆಂಟು ಕಿಲೋಮೀಟರ್. ಒಮ್ಮೆಯೂ ನಿಲ್ಲಲಿಲ್ಲ. ಎರಡನೆಯ ಗೇರಿನಲ್ಲಿ ಎಂಜಿನ್ ಗೊಣಗತೊಡಗಿದಾಗ ಮೂರಕ್ಕೆ ಹಾಕಿದೆ, ಇವಳು ಹೇಳುವ ಮೊದಲೇ. ಗೊಣಗು ನಿಂತಿತು. "ಯಾರು ಹೇಳಿದ್ರು?" ಅಂದಳು. ಯಾರೂ ಹೇಳಲಿಲ್ಲ, ಅದೇ ಕೇಳಿಸಿತು ಅಂದೆ. ಇವಳು ಕಿಟಕಿಯ ಕಡೆ ತಿರುಗಿಕೊಂಡಳು. ನಕ್ಕಿರಬೇಕು.

ಗ್ಯಾರೇಜಿನ ಮುಂದೆಯೇ ಹಾದು ಬಂದೆವು. ಭಾಮೈದ ಹೊರಗೆ ಕುರ್ಚಿಯ ಮೇಲೆ ಕುಳಿತಿದ್ದ. ಅವನು ಕುಳಿತದ್ದನ್ನು ನಾನು ಇದುವರೆಗೆ ನೋಡಿಯೇ ಇರಲಿಲ್ಲ. ಹಾರ್ನ್ ಮಾಡೋಣವೆಂದುಕೊಂಡೆ. ಕೈ ಸ್ಟಿಯರಿಂಗಿನಿಂದ ಏಳಲಿಲ್ಲ.

ಮಾರ್ಚ್ 29, ಭಾನುವಾರ

ಐನೂರು ದಾಟಿತು. ಸಿರಿಂಜ್ ತೊಳೆದು ತಂದರೆ ಇವಳು ಕೈಯಿಂದ ಕಿತ್ತುಕೊಂಡಳು.

"ಈ ಸಲ ನಾನು ತೆಗೀತೀನಿ. ನಿಮ್ಮ ಕೈಗುಣ ಒಂದು ಸಲ ನೋಡಾಯ್ತು."

ಲ್ಯಾಬಿನ ಪ್ಲಾಸ್ಟಿಕ್ ಬಾಟಲಿಯನ್ನೇ ತೆಗೆದುಕೊಂಡಳು. ಅದು ಸ್ಟೆರೈಲ್ ಅಲ್ಲ, ತಡಿ ಕುದಿಸಿಕೊಡುತ್ತೇನೆ ಅಂದೆ. ಫಾರಂನ ಹಿಂಭಾಗ ತಿರುಗಿಸಿ ತೋರಿಸಿದಳು. 'ಬಾಟಲಿಯನ್ನು ತೊಳೆಯಬಾರದು. ಎಣ್ಣೆ ತುಂಬುವವರೆಗೆ ಮುಚ್ಚಳ ತೆಗೆಯಬಾರದು. ಬೇರೆ ಬಾಟಲಿ ಬಳಸಬಾರದು.' ಹಿಂಭಾಗವನ್ನು ನಾನು ನೋಡಿರಲಿಲ್ಲ. ಬಳಸಿದರೆ ಏನಾಗುತ್ತದೆ ಎಂದು ಬರೆದಿಲ್ಲವಲ್ಲ ಅಂದೆ. ಇವಳು ಬಾನೆಟ್ ಎತ್ತಿದಳು.

ನಾನು ಟಾರ್ಚ್ ಹಿಡಿಯಲೇ ಎಂದು ಕೇಳಿದೆ. ಬೆಳಕಿದೆ ಅಂದಳು.

ಮಾರ್ಚ್ 31, ಮಂಗಳವಾರ

ಬೆಳಿಗ್ಗೆ ಹತ್ತು ಗಂಟೆ. ಕೌಂಟರಿಗೆ ಒಬ್ಬ ಅಜ್ಜಿ ಬಂದರು. ಮೂತ್ರ ಪರೀಕ್ಷೆಗೆ. ಸೆರಗಿನ ಮರೆಯಿಂದ ಒಂದು ಗಾಜಿನ ಬಾಟಲಿ ತೆಗೆದು ಮುಂದಿಟ್ಟರು. ಕೆಮ್ಮಿನ ಔಷಧಿಯ ಬಾಟಲಿ.

ಇಂಥವು ನನಗೆ ದಿನಕ್ಕೆ ಎರಡು ಬರುತ್ತವೆ. ಜಾಮಿನ ಬಾಟಲಿ, ಜೇನುತುಪ್ಪದ ಬಾಟಲಿ, ಒಮ್ಮೆ ಅತ್ತರಿನ ಬಾಟಲಿ. ಬೈಯಲು ಬಾಯಿ ತಾನಾಗಿ ತೆರೆದುಕೊಂಡಿತು. "ಏನಜ್ಜಿ ಇದು? ನಾವು ಕೊಟ್ಟ ಡಬ್ಬಿ ಎಲ್ಲಿ? ಔಷಧಿ ಬಾಟಲಿಯಲ್ಲಿ ತಂದ್ರೆ ಸಕ್ಕರೆ ಇಲ್ಲದೋರಿಗೂ ಸಕ್ಕರೆ ಇದೆ ಅಂತ ಬರತ್ತೆ."

"ನಿಮ್ಮ ಡಬ್ಬಿ ನೋಡಕ್ಕೆ ಚೆನ್ನಾಗಿರಲಿಲ್ಲ ಮಗ" ಅಂದರು ಅಜ್ಜಿ. "ಇದನ್ನ ಚೆನ್ನಾಗಿ ಕುದಿಸಿ ತೊಳ್ದಿದ್ದೀನಿ."

"ಕುದಿಸಿದ್ರೆ ಕ್ರಿಮಿ ಸಾಯತ್ತೆ ಅಜ್ಜಿ, ಮುಚ್ಚಳದ ಸಂದಿಯಲ್ಲಿ ಅಂಟಿರೋ ಔಷಧಿ ಎಲ್ಲಿ..."

ಮಾತು ಅಲ್ಲಿಗೇ ನಿಂತಿತು. ಅಜ್ಜಿ ನನ್ನ ಮುಖ ನೋಡಿ, "ನಿನಗೆ ಹುಷಾರಿಲ್ವಾ ಮಗ?" ಎಂದು ಕೇಳಿದರು. ನಾನು ಅವರನ್ನು ಕುರ್ಚಿಯ ಮೇಲೆ ಕೂರಿಸಿ, ಹೊಸ ಡಬ್ಬಿ ಕೊಟ್ಟು, ತಪ್ಪಾಯಿತು ಅಂದೆ. ಅವರಿಗೆ ಯಾತಕ್ಕೆಂದು ಅರ್ಥವಾಗಲಿಲ್ಲ.

ಮಧ್ಯಾಹ್ನ ಔಷಧಿ ಅಂಗಡಿಗೆ ಹೋಗಿ ಇವಳ ಟಾನಿಕ್ಕಿನ ಚೀಟಿ ಓದಿದೆ. ಕಬ್ಬಿಣ. ಕೆಡದಂತೆ ಹಾಕುವ ಸೋಡಿಯಂ. ನೀರು, ನಾನು ತೊಳೆದು ಸರಿಯಾಗಿ ಒಣಗಿಸದೆ ಬಿಟ್ಟದ್ದು. ಪೊಟ್ಯಾಷಿಯಂ ಎಲ್ಲಿಯೂ ಇಲ್ಲ.

ನಾನು ಟಾನಿಕ್ಕಿನ ರಿಪೋರ್ಟ್ ಹಿಡಿದುಕೊಂಡು ಹೋಗಿ ಅವನ ಮುಖಕ್ಕೆ ಓದಿದ್ದೆ.

ಏಪ್ರಿಲ್ 1, ಬುಧವಾರ

ಇವಳಿಗೆ ಹೇಳಿಲ್ಲ. ಎರಡನೆಯ ರಿಪೋರ್ಟ್ ಬರಲಿ, ಆಮೇಲೆ ಹೇಳೋಣ. ಬೆಳಿಗ್ಗೆ ಕೂಲೆಂಟ್ ನೋಡುವಾಗ ಒಂದು ಕ್ಷಣ ಅನ್ನಿಸಿತು, ನನ್ನ ಮಾನ ಉಳಿಸುವುದಕ್ಕಾದರೂ ಒಂದಿಷ್ಟು ಸೋರಬಾರದೇ ಎಂದು. ಎಂಥ ಮನುಷ್ಯ ನಾನು.

ಕದಲಿಲ್ಲ. ದೇವರು ದೊಡ್ಡವನು.

ಏಪ್ರಿಲ್ 2, ಗುರುವಾರ

ಪಾಠದ ಮಧ್ಯೆಯೇ ಹೇಳಿಬಿಟ್ಟೆ. ಗಾಡಿ ಓಡಿಸುವಾಗ ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ, ಅದೊಂದು ಅನುಕೂಲ. ಬಾಟಲಿ, ಕುದಿಸಿದ್ದು, ಮುಚ್ಚಳ, ಅಜ್ಜಿ, ಎಲ್ಲ.

ಇವಳು ತನ್ನ ಕಾಲಿನ ಬ್ರೇಕ್ ಒತ್ತಿದಳು. ಗಾಡಿ ರಸ್ತೆಯ ಪಕ್ಕಕ್ಕೆ ನಿಂತಿತು. ಈಗ ಮುಖಕ್ಕೆ ಮಂಗಳಾರತಿ ಎಂದು ಕಾದೆ. ಇವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಗಾಬರಿಯಾಯಿತು. ನೋಡಿದರೆ ನಗು ತಡೆಯಲಾಗದೆ ಸ್ಟಿಯರಿಂಗಿನ ಅಂಚನ್ನು ಹಿಡಿದುಕೊಂಡಿದ್ದಾಳೆ.

"ಆ ಬಾಟಲಿ ಹತ್ತೇ ದಿನಕ್ಕೆ ಹೇಗೆ ಖಾಲಿಯಾಯ್ತು ಅಂದ್ಕೊಂಡ್ರಿ?"

"ನೀನು ಕುಡಿದೆ."

"ಮೂರು ಚಮಚ. ತುಕ್ಕು ನೆಕ್ಕಿದ ಹಾಗಿತ್ತು. ಮಿಕ್ಕಿದ್ದು ಸಿಂಕಿಗೆ. ನಮ್ಮ ಮನೇಲಿ ಟಾನಿಕ್ ಸರಿಯಾಗಿ ಮೈಗೆ ಹತ್ತಿದ್ದು ಆ ಎಣ್ಣೆಗೆ ಮಾತ್ರ."

ಇಬ್ಬರೂ ನಕ್ಕೆವು. ಹಿಂದಿನಿಂದ ಯಾರೋ ಹಾರ್ನ್ ಮಾಡಿದರೂ ನಗುತ್ತಿದ್ದೆವು. ನಗು ನಿಂತ ಮೇಲೆ ಇವಳು, "ಅವನಿಗೆ ಹೇಳ್ತೀರಲ್ಲ?" ಅಂದಳು. ಹೇಳ್ತೀನಿ ಅಂದೆ. "ಹೇಗೆ ಓದಿದ್ರೋ ಹಾಗೇ ಹೇಳ್ಬೇಕು" ಅಂದಳು.

ಏಪ್ರಿಲ್ 4, ಶನಿವಾರ

ಎರಡನೆಯ ರಿಪೋರ್ಟ್ ಬಂತು. ಕಬ್ಬಿಣ 38. ಸೋಡಿಯಂ 4. ನೀರು ಇಲ್ಲ. ಸಿಲಿಕಾನಿಗೆ ಮಾತ್ರ ಈಗಲೂ ನಕ್ಷತ್ರ ಇದೆ, ಪಕ್ಕದಲ್ಲಿ 'ರಿಪೇರಿಯ ಪೇಸ್ಟ್, ಎಣ್ಣೆ ಬದಲಿಸಿದಂತೆ ಇಳಿಯುತ್ತದೆ' ಎಂದು ಬರೆದಿದ್ದಾರೆ. ಮೇಡಂ ಫೋನ್ ಕೂಡ ಮಾಡಿದರು. "ಅದೇ ಎಣ್ಣೆ ಇನ್ನೂ ಐನೂರು ಓಡಿದ ಮೇಲೆ ಕಬ್ಬಿಣ ಏರಬೇಕೇ ಹೊರತು ಇಳಿಯಕ್ಕೆ ಸಾಧ್ಯ ಇಲ್ಲ ಸಾರ್. ಮೊದಲ ಸ್ಯಾಂಪಲ್‌ಗೇ ಏನೋ ಸೇರಿದೆ. ಬಾಟಲಿ ತೆರೆದಾಗ ನಮ್ಮ ಹುಡುಗಿ ಹಣ್ಣಿನ ವಾಸನೆ ಬಂತು ಅಂದಿದ್ಲು, ನಾನೇ ಬೈದಿದ್ದೆ." ನಾನು ವಿಷಯ ಹೇಳಿದೆ. ಆಮೇಲೆ, "ಗಾಡಿ ಆರೋಗ್ಯವಾಗಿದೆ ಸಾರ್. ಜೋಡಿಸಿದವರ ಕೈ ಚೆನ್ನಾಗಿದೆ" ಅಂದರು.

ಸಂಜೆ ಗಾಡಿಯನ್ನು ನಾನೇ ಓಡಿಸಿಕೊಂಡು ಹೋದೆ. ಇವಳು ಪಕ್ಕದಲ್ಲಿ ಕುಳಿತಿದ್ದಳು, ಕಾಲು ಬ್ರೇಕಿನ ಮೇಲಿರಲಿಲ್ಲ. ಶೆಡ್ಡಿನ ಗೋಡೆ ಬರಿದಾಗಿತ್ತು. ಸ್ಪ್ಯಾನರುಗಳನ್ನೆಲ್ಲ ಮೊಳೆಯಿಂದ ತೆಗೆದು ಎರಡು ಮರದ ಪೆಟ್ಟಿಗೆಗೆ ತುಂಬಿಸಿಟ್ಟಿದ್ದ. ಇದ್ದ ಗಿರಾಕಿ ಒಬ್ಬರೇ. ನಾನು ಮೂವರ ಮುಂದೆ ಓದಿದ್ದು, ಒಬ್ಬರ ಮುಂದೆ ತಿದ್ದಿಕೊಂಡರೆ ನ್ಯಾಯವಲ್ಲ. ಕಾದೆ. ಟೈರಿಗೆ ಗಾಳಿ ಕೇಳಲು ಇನ್ನೊಬ್ಬರು ಬಂದರು. ಮೂರನೆಯವರಾಗಿ ಎದುರು ಅಂಗಡಿಯ ಟೈಲರನ್ನು ನಾನೇ ಕೈ ಹಿಡಿದು ಕರೆತಂದೆ.

ಕೌಂಟರಿನ ಧ್ವನಿಯಲ್ಲೇ ಓದಿದೆ. ಮೊದಲು ಹೊಸ ರಿಪೋರ್ಟ್. ಆಮೇಲೆ ಹಳೆಯದು ಯಾಕೆ ಸುಳ್ಳಾಯಿತು ಎಂಬುದು. ಟಾನಿಕ್ಕಿನ ಭಾಗ ಬಂದಾಗ ಟೈಲರು ಬಾಯಿಗೆ ಅಳತೆಯ ಪಟ್ಟಿ ಒತ್ತಿಕೊಂಡರು. ಆದರೂ ನಿಲ್ಲಿಸದೆ ಓದಿದೆ. "ತಪ್ಪು ಗಾಡಿದಲ್ಲ, ರಿಪೇರಿ ಮಾಡಿದವನದಲ್ಲ. ತಪ್ಪು ನಂದು" ಎಂದು ಕೊನೆಗೆ ಹೇಳಿದೆ. ಅದು ಕಾಗದದಲ್ಲಿ ಇರಲಿಲ್ಲ. ಆ ವ್ಯಾನಿನವರ ಮನೆ ಎಲ್ಲಿ, ನಾನೇ ಹೋಗಿ ಹೇಳಿಬರುತ್ತೇನೆ ಎಂದೂ ಅಂದೆ.

ಭಾಮೈದ ಕಾಗದ ತೆಗೆದುಕೊಂಡ. ಈ ಸಲವೂ ಬಹಳ ಹೊತ್ತು ನೋಡಿದ.

"ನನಗೂ ಅನುಮಾನ ಬಂದಿತ್ತು ಭಾವ. ಕಿವಿಗೆ ಸರಿ ಇದೆ ಅಂತ ಕೇಳಿಸಿತ್ತು, ಕಾಗದ ಇಲ್ಲ ಅಂತು. ನನ್ನ ಕಿವಿನೇ ಕೆಟ್ಟಿದೆ ಅಂದ್ಕೊಂಡೆ."

"ನಿನ್ನ ಕಿವಿ ಸರಿ ಇದೆ ಕಣಪ್ಪ. ಹೊಟ್ಟೆಗೆ ಹಾಕ್ಕೋ."

ಅವನು ಕಾಗದ ಮಡಚಿ ಜೇಬಿಗಿಟ್ಟ. ಆಮೇಲೆ, "ಆ ಟಾನಿಕ್ಕು ಯಾವ ಹಣ್ಣಿಂದು?" ಎಂದು ಕೇಳಿದ. ಸ್ಟ್ರಾಬೆರಿ ಅಂದೆ. ಅವನು ನಕ್ಕ. ಅವನ ನಗು ನೋಡಿ ತಿಂಗಳಾಗಿತ್ತು. ಇವಳು ಮುಖ ತಿರುಗಿಸಿಕೊಂಡು ಮೂಗು ಒರೆಸಿಕೊಂಡಳು.

ಹಳೆಯ ಯಜಮಾನರಿಗೆ ನಾಳೆ ಏನು ಹೇಳುತ್ತೀಯ ಎಂದು ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅವನೂ ಹೇಳಲಿಲ್ಲ. ಪೆಟ್ಟಿಗೆಯ ಮುಂ‌ದೆ ಕುಕ್ಕರುಗಾಲಿನಲ್ಲಿ ಕುಳಿತು, ಒಂದು ಸ್ಪ್ಯಾನರ್ ತೆಗೆದು ಒರೆಸಿ, ಗೋಡೆಯ ಮೊಳೆಗೆ ತೂಗುಹಾಕಿದ. ಇನ್ನೊಂದು ತೆಗೆದ. ನಾನು ಮೂರನೆಯದನ್ನು ಎತ್ತಿಕೊಟ್ಟೆ. ಎರಡೂ ಪೆಟ್ಟಿಗೆ ಖಾಲಿಯಾಗುವವರೆಗೆ ಎತ್ತಿಕೊಡುತ್ತಲೇ ಇದ್ದೆ.

ಏಪ್ರಿಲ್ 12, ಭಾನುವಾರ

ಮೊನ್ನೆಯ ಪರೀಕ್ಷೆಯಲ್ಲಿ ಇವಳ ಹನ್ನೊಂದು ಜನರಲ್ಲಿ ಹತ್ತು ಜನ ಪಾಸು. ನಾನು ಮುಂದಿನ ತಿಂಗಳು ಕೂರುತ್ತೇನೆ. ವ್ಯಾನಿನವರು ಗಾಡಿ ತಂದು ಬಿಟ್ಟರಂತೆ, ಟಾನಿಕ್ಕಿನ ಕಥೆಯನ್ನು ನನ್ನ ಬಾಯಿಂದಲೇ ಇನ್ನೊಮ್ಮೆ ಕೇಳಬೇಕಂತೆ.

ಬೆಳಿಗ್ಗೆ ಇವಳ ರಕ್ತ ತೆಗೆದು ನೋಡಿದೆ. ಹಿಮೋಗ್ಲೋಬಿನ್ 9.8. ಅದೂ ಕದಲಿಲ್ಲ. ಮಾತ್ರೆ ತಂದಿದ್ದೇನೆ, ಮಾತ್ರೆಗೆ ಬಾಟಲಿ ಇಲ್ಲ.

ಸಂಜೆ ಭಾಮೈದ ಊಟಕ್ಕೆ ಬಂದವನು ಹೊಸ ಎಣ್ಣೆಯ ಕ್ಯಾನ್ ಕೂಡ ತಂದಿದ್ದ. ಸಾವಿರ ಕಿಲೋಮೀಟರ್ ಆಯಿತು, ರಿಪೇರಿಯ ನಂತರದ ಮೊದಲ ಎಣ್ಣೆ ಬದಲಿಸಬೇಕು. ಹಳೆಯದರ ಸ್ಯಾಂಪಲ್ ಕೂಡ ತೆಗೆದಿಡೋಣ, ಇನ್ನು ಮುಂದೆ ರಿಪೇರಿ ಮಾಡಿದ ಗಾಡಿಗಳಿಗೆಲ್ಲ ಕಿವಿಯ ಜೊತೆಗೆ ಕಾಗದವೂ ಇರಲಿ ಎಂದು ಅವನೇ ಅಂದ. ಕತ್ತಲಾಗುತ್ತಿತ್ತು. ಅವನು ಗಾಡಿಯ ಕೆಳಗೆ ನುಸುಳಿದ. ನಾನು ಉತ್ಸಾಹದಿಂದ ಬಾಟಲಿ ಎತ್ತಿಕೊಂಡೆ.

"ಬಾಟಲಿ ಅಕ್ಕನಿಗೆ ಕೊಡಿ ಭಾವ" ಎಂದು ಕೆಳಗಿನಿಂದ ಧ್ವನಿ ಬಂತು.

ಕೊಟ್ಟೆ. ಇನ್ನೇನು, ಹೋಗಿ ಕುರ್ಚಿಯ ಮೇಲೆ ಕೂರಬೇಕೆಂದು ತಿರುಗಿದೆ.

ಗಾಡಿಯ ಕೆಳಗಿನಿಂದ ಗ್ರೀಸು ಹತ್ತಿದ ಕೈಯೊಂದು ಹೊರಗೆ ಬಂತು. ಅದರಲ್ಲಿ ಟಾರ್ಚ್ ಇತ್ತು.

"ಇದನ್ನ ಹಿಡ್ಕೊಳ್ಳಿ. ಹಗ್ಗ ಮರೆತು ಬಂದಿದ್ದೀನಿ."

ಕಾರ್ಪೋರ್ಚಿನ ಮೊಳೆಯಲ್ಲಿ ಹಗ್ಗ ನೇತಾಡುತ್ತಿತ್ತು, ನುಸುಳುವ ಮೊದಲು ಅವನ ಕಣ್ಣಿಗೆ ಬಿದ್ದೇ ಇತ್ತು. ನಾನು ಅದರ ಮಾತೆತ್ತಲಿಲ್ಲ. ಮೊಣಕಾಲೂರಿ ಕುಳಿತು ಟಾರ್ಚ್ ಹಿಡಿದೆ, ಅವನು ಹೇಳಿದ ಕಡೆಗೆ, ಕೈ ಅಲುಗಿಸದೆ.